ಸೋತವರು ಒಪ್ಪಿಕೊಳ್ಳುವ ತನಕ

2020ರ ನವೆಂಬರ್ 4ರಂದು ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ ಅಂಚೆ ಮತಗಳ ಎಣಿಕೆ ನಡೆಯುತ್ತಿದ್ದ ಸಭಾಂಗಣದ ಗಾಜಿಗೆ ಜನ ದಬದಬ ಗುದ್ದುತ್ತಿದ್ದರು. ‘ಎಣಿಕೆ ನಿಲ್ಲಿಸಿ’ ಎಂಬುದು ಅವರ ಕೂಗು. ಅದೇ ದಿನ ಅರಿಜೋನಾದ ಫೀನಿಕ್ಸ್‌ನಲ್ಲಿ, ಮ್ಯಾರಿಕೋಪಾ ಕೌಂಟಿಯ ಚುನಾವಣಾ ಕಚೇರಿ ಎದುರು ಇನ್ನೊಂದು ಗುಂಪು ಸೇರಿತ್ತು. ಅಲ್ಲಿನ ಕೂಗು ‘ಮತ ಎಣಿಸಿ’. ಎರಡೂ ಕಡೆ ಇದ್ದವರು ಡೊನಾಲ್ಡ್ ಟ್ರಂಪ್ ಬೆಂಬಲಿಗರೇ. ಮಿಷಿಗನ್‌ನಲ್ಲಿ ಎಣಿಸಿದಷ್ಟೂ ಟ್ರಂಪ್ ಮುನ್ನಡೆ ಕರಗುತ್ತಿತ್ತು. ಅರಿಜೋನಾದಲ್ಲಿ ಎಣಿಸಿದಷ್ಟೂ ಜೋ ಬೈಡನ್ ಮುನ್ನಡೆ ಸವೆಯುತ್ತಿತ್ತು. ಎರಡು ಊರಿನಲ್ಲಿ ಎರಡು ನ್ಯಾಯ ಕೇಳಲು ಅವರಿಗೆ ಯಾವ ಸಂಕೋಚವೂ ಇರಲಿಲ್ಲ.

ಅಮೆರಿಕದ ‘ಚುನಾವಣಾ ರಾತ್ರಿ’ ಈಗ ಹೀಗಾಗಿದೆ. ಮೊದಲೆಲ್ಲ ನೆರೆಹೊರೆಯವರು ಸೇರಿ, ಪಿಜ್ಜಾ ತರಿಸಿಕೊಂಡು ಟಿ.ವಿ ನೋಡುವ ರಾತ್ರಿಯಾಗಿತ್ತು. ಈಗ ಅಂಗಡಿಗಳಿಗೆ ಮುಂಚಿತವಾಗಿ ಹಲಗೆ ಹೊಡೆಯುವ, ಎಣಿಕೆ ಕೇಂದ್ರಗಳಿಗೆ ಗುಂಡು ತಡೆಯುವ ಗಾಜು ಹಾಕಿಸುವ ರಾತ್ರಿ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2016ರಲ್ಲಿ ಸಮೀಕ್ಷೆ ನಡೆಸಿದಾಗ ಅಧ್ಯಕ್ಷೀಯ ಚುನಾವಣೆ ತಮಗೆ ದೊಡ್ಡ ಒತ್ತಡ ತಂದಿದೆ ಎಂದವರು ಶೇ 52ರಷ್ಟಿದ್ದರು. 2024ರಲ್ಲಿ ಅದು ಶೇ 69ಕ್ಕೆ ಏರಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನದ ಪ್ರಕಾರ, 2016ರ ಫಲಿತಾಂಶದ ಮುಂದಿನ ಎರಡು ದಿನಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಕಾರಣಕ್ಕೆ ದಾಖಲಾದವರ ಪ್ರಮಾಣ ಹಿಂದಿನ ವಾರದ ಅದೇ ಎರಡು ದಿನಗಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚಿತ್ತು. ಎದೆ ಹಿಡಿದುಕೊಂಡು ಫಲಿತಾಂಶ ನೋಡುವುದು ಬರೀ ಮಾತಿನ ಮಾತಲ್ಲ.

ಇಷ್ಟೆಲ್ಲ ಮಾಡಿ, ಕಾನೂನಿನ ಲೆಕ್ಕದಲ್ಲಿ ಆ ರಾತ್ರಿಗೆ ಕವಡೆ ಕಿಮ್ಮತ್ತಿಲ್ಲ. ನವೆಂಬರ್‌ನ ಮೊದಲ ಸೋಮವಾರದ ಮರುದಿನ ಮತದಾನ ಎಂದು ಅಲ್ಲಿನ ಸಂಸತ್ತು 1845ರಲ್ಲಿ ಗೊತ್ತುಮಾಡಿತು. ಅದೇ ರಾತ್ರಿ ಫಲಿತಾಂಶ ಸಾರಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಸಾರಲು ನಮ್ಮ ಚುನಾವಣಾ ಆಯೋಗದಂಥ ಸಂಸ್ಥೆಯೂ ಅಲ್ಲಿಲ್ಲ. 50 ರಾಜ್ಯಗಳು, ಅವುಗಳೊಳಗೆ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳು. ಮತಪತ್ರದ ವಿನ್ಯಾಸದಿಂದ ಹಿಡಿದು ಎಣಿಕೆಯ ವೇಳೆಯವರೆಗೆ ಒಂದೊಂದು ಕಡೆ ಒಂದೊಂದು ಕಟ್ಟಳೆ. ಇವೆಲ್ಲವನ್ನೂ ಕೂಡಿಸಿ ‘ಇಂಥವರು ಗೆದ್ದರು’ ಎಂದು ದೇಶಕ್ಕೆ ಹೇಳುವ ಕೆಲಸವನ್ನು 1848ರಿಂದ ಮಾಡುತ್ತಿರುವುದು ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿ ಸಂಸ್ಥೆ. ಟಿ.ವಿ ವಾಹಿನಿಗಳದ್ದೂ ತಮ್ಮ ತಮ್ಮ ಲೆಕ್ಕ. ಅಧಿಕೃತ ಫಲಿತಾಂಶ ಹೊರಬೀಳಬೇಕಾದರೆ ಕೌಂಟಿಗಳು ಪ್ರಮಾಣೀಕರಿಸಬೇಕು, ರಾಜ್ಯಗಳು ಮುದ್ರೆ ಒತ್ತಬೇಕು, ಡಿಸೆಂಬರ್‌ನಲ್ಲಿ 538 ಎಲೆಕ್ಟರ್‌ಗಳು ಮತ ಹಾಕಬೇಕು, ಜನವರಿ 6ರಂದು ಸಂಸತ್ತು ಆ ಮತಗಳನ್ನು ಎಣಿಸಬೇಕು. ಎರಡು ತಿಂಗಳ ಈ ಸಾವಧಾನದ ಕೆಲಸವನ್ನು ಟಿ.ವಿ ಒಂದೇ ರಾತ್ರಿಗೆ ಇಳಿಸಿಬಿಟ್ಟಿದೆ.

ಅದರ ಅಪಾಯ ಪೂರ್ತಿ ಬಯಲಾದದ್ದು 2000ದಲ್ಲಿ. ನವೆಂಬರ್ 7ರ ರಾತ್ರಿ ಎಂಟರ ಸುಮಾರಿಗೆ ವಾಹಿನಿಗಳು ಫ್ಲೋರಿಡಾ ರಾಜ್ಯ ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್ ಪಾಲಾಯಿತು ಎಂದವು. ಹತ್ತರ ಹೊತ್ತಿಗೆ ಆ ಮಾತನ್ನು ವಾಪಸ್ ಪಡೆದವು. ನಡುರಾತ್ರಿ ಕಳೆದು 2.16ಕ್ಕೆ ಫಾಕ್ಸ್ ನ್ಯೂಸ್ ಫ್ಲೋರಿಡಾವನ್ನೂ ಅದರ ಜತೆಗೆ ಅಧ್ಯಕ್ಷ ಪದವಿಯನ್ನೂ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್ ಕೈಗಿತ್ತಿತು. ಉಳಿದ ವಾಹಿನಿಗಳು ನಿಮಿಷಗಳಲ್ಲೇ ಹಿಂಬಾಲಿಸಿದವು. ಫಾಕ್ಸ್‌ನ ನಿರ್ಧಾರದ ಮೇಜಿನ ಮುಖ್ಯಸ್ಥ ಜಾನ್ ಎಲಿಸ್, ಬುಷ್ ಅವರ ಸೋದರಸಂಬಂಧಿ. ಈ ವಿವರವನ್ನು ಯಾವುದಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಸಂಪಾದಕರು ಅತಿಯಾಯಿತು ಎಂದು ಹೊಡೆದುಹಾಕುತ್ತಿದ್ದರು. ಆ ಹೊತ್ತಿಗೆ ವೊಲೂಷಿಯಾ ಕೌಂಟಿಯ ಯಂತ್ರದ ದೋಷದಿಂದ ಗೋರ್ ಖಾತೆಯಿಂದ 16 ಸಾವಿರಕ್ಕೂ ಹೆಚ್ಚು ಮತಗಳು ಕಡಿತವಾಗಿದ್ದವು. ಒಬ್ಬ ಅಭ್ಯರ್ಥಿಗೆ ಮೈನಸ್ ಮತ!

ಗೋರ್ ಟಿ.ವಿಯನ್ನು ನಂಬಿದರು. ಬುಷ್‌ಗೆ ಫೋನ್ ಮಾಡಿ ಅಭಿನಂದಿಸಿ, ಸೋಲೊಪ್ಪುವ ಭಾಷಣಕ್ಕೆಂದು ಮಳೆಯಲ್ಲೇ ನ್ಯಾಶ್‌ವಿಲ್‌ನ ಯುದ್ಧ ಸ್ಮಾರಕದತ್ತ ಹೊರಟರು. ವೇದಿಕೆ ಹತ್ತುವ ಮುನ್ನ ಸಹಾಯಕರು ಅವರನ್ನು ತಡೆದು ನಿಲ್ಲಿಸಿದರು. ಫ್ಲೋರಿಡಾದ ಅಂತರ ಕರಗಿ ಕೆಲವೇ ಸಾವಿರಕ್ಕೆ, ಇನ್ನೂ ಕೆಳಕ್ಕೆ ಬರುತ್ತಿತ್ತು. ಗೋರ್ ಮತ್ತೆ ಫೋನೆತ್ತಿ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಫ್ಲೋರಿಡಾ ಗೆದ್ದಿದ್ದೇವೆ ಎಂದು ತಮ್ಮ ತಮ್ಮನೇ ಹೇಳಿದ್ದಾನೆ ಎಂದು ಬುಷ್ ವಾದಿಸಿದರಂತೆ. ತಮ್ಮ ಜೆಬ್ ಬುಷ್ ಆಗ ಅದೇ ರಾಜ್ಯದ ಗವರ್ನರ್. ಆ ವಿಷಯದಲ್ಲಿ ನಿಮ್ಮ ತಮ್ಮನ ಮಾತೇ ಅಂತಿಮವಲ್ಲ ಎಂದು ಗೋರ್ ಉತ್ತರಿಸಿದ್ದಾಗಿ ಆಗಿನ ಪತ್ರಿಕೆಗಳು ವರದಿ ಮಾಡಿದವು.

ಮುಂದಿನ ಐದು ವಾರ ಫ್ಲೋರಿಡಾದ ಅಧಿಕಾರಿಗಳು ಮತಪತ್ರಗಳನ್ನು ಬೆಳಕಿಗೆ ಹಿಡಿದು, ತೂತು ಪೂರ್ತಿ ಬಿದ್ದಿದೆಯೇ, ಕಾಗದದ ಚೂರು ಇನ್ನೂ ನೇತಾಡುತ್ತಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಪಾಮ್ ಬೀಚ್ ಕೌಂಟಿಯಲ್ಲಿ ಹೆಸರುಗಳನ್ನು ಎರಡು ಪುಟಕ್ಕೆ ಹರಡಿ, ನಡುವೆ ತೂತು ಒತ್ತುವಂತೆ ಮತಪತ್ರ ಮಾಡಿದ್ದರಿಂದ ಗೊಂದಲವಾಗಿ ಪ್ಯಾಟ್ ಬುಕ್ಯಾನನ್ ಎಂಬ ಬೇರೊಬ್ಬ ಅಭ್ಯರ್ಥಿಗೆ 3,407 ಮತ ಬಿದ್ದವು. ಅವುಗಳಲ್ಲಿ ಬಹುಪಾಲು ತಮ್ಮವಲ್ಲ ಎಂದು ಬುಕ್ಯಾನನ್ ಅವರೇ ಒಪ್ಪಿಕೊಂಡರು. ಸುಮಾರು 60 ಲಕ್ಷ ಮತಗಳಲ್ಲಿ ಬುಷ್ ಅವರಿಗೆ ಸಿಕ್ಕಿದ ಅಂತರ 537. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ 5–4ರಿಂದ ಮರುಎಣಿಕೆಗೆ ತೆರೆ ಎಳೆಯಿತು. ಇಡೀ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದ ಗೋರ್ ಮರುದಿನ ಸೋಲೊಪ್ಪಿಕೊಂಡರು. ತೀರ್ಪನ್ನು ತಾನು ಒಪ್ಪುವುದಿಲ್ಲ, ಆದರೆ ಸ್ವೀಕರಿಸುತ್ತೇನೆ ಎಂದರು.

2016ರ ರಾತ್ರಿಯದು ಬೇರೆ ಬಗೆಯ ಆಘಾತ. ಹಿಲರಿ ಕ್ಲಿಂಟನ್ ಗೆಲ್ಲುವ ಸಾಧ್ಯತೆ ಶೇ 85 ಎಂದು ನ್ಯೂಯಾರ್ಕ್ ಟೈಮ್ಸ್ ಲೆಕ್ಕ ಹಾಕಿತ್ತು. ಸಂಜೆಯಿಂದ ಅದರ ಜಾಲತಾಣದಲ್ಲಿ ನಡುಗುತ್ತಿದ್ದ ಮುನ್ಸೂಚನೆಯ ಮುಳ್ಳು ಮೆಲ್ಲಮೆಲ್ಲನೆ ಎದುರು ದಿಕ್ಕಿಗೆ ವಾಲಿತು. ಕ್ಲಿಂಟನ್ ಅವರಿಗೆ ದೇಶದಲ್ಲಿ ಸುಮಾರು 29 ಲಕ್ಷ ಮತ ಹೆಚ್ಚಿದ್ದರೂ, ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳಲ್ಲಿ ಒಟ್ಟು 80 ಸಾವಿರಕ್ಕೂ ಕಡಿಮೆ ಮತ ಅವರನ್ನು ಸೋಲಿಸಿದವು. ಅವರೂ ಆ ರಾತ್ರಿಯೇ ಫೋನ್ ಮಾಡಿದರು.

ಈ ಫೋನ್ ಕರೆಯೂ ಕಾನೂನಿನಲ್ಲಿ ಇಲ್ಲ. 1896ರಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಗೆದ್ದ ಮೆಕಿನ್ಲಿಗೆ ತಂತಿ ಕಳಿಸಿ ಅಭಿನಂದಿಸಿದಂದಿನಿಂದ ನಡೆದುಬಂದ ರೂಢಿ ಅಷ್ಟೆ. 2008ರಲ್ಲಿ ಸೋತ ಜಾನ್ ಮೆಕೇನ್ ಗೆದ್ದ ಒಬಾಮ ಹೆಸರೆತ್ತಿದಾಗ ಅವರ ಕಡೆಯವರೇ ಧಿಕ್ಕಾರ ಕೂಗಿದರು. ಮೆಕೇನ್ ಕೈಯೆತ್ತಿ ಸುಮ್ಮನಿರಿಸಿದರು. ಸೋತವರ ಈ ಒಂದು ಮಾತು ಅವರ ಬೆಂಬಲಿಗರಿಗೆ ಮನೆಗೆ ಹೋಗಲು ಅಪ್ಪಣೆ ಇದ್ದಂತೆ. ನ್ಯಾಯಾಧೀಶರೋ ವಾಹಿನಿಯ ನಿರೂಪಕರೋ ಹೇಳಿದರೆ ಅವರು ಹೋಗುವುದಿಲ್ಲ.

2020ರಲ್ಲಿ ಆ ಅಪ್ಪಣೆ ಸಿಗಲೇ ಇಲ್ಲ. ಕೋವಿಡ್ ಕಾಲವಾದ್ದರಿಂದ ಕೋಟಿಗಟ್ಟಲೆ ಜನ ಅಂಚೆಯಲ್ಲಿ ಮತ ಕಳಿಸಿದ್ದರು, ಅವರಲ್ಲಿ ಡೆಮಾಕ್ರಟಿಕ್ ಪಕ್ಷದವರೇ ಹೆಚ್ಚು. ಫ್ಲೋರಿಡಾದಲ್ಲಿ ಈ ಲಕೋಟೆಗಳನ್ನು ಮತದಾನಕ್ಕೆ ಮೊದಲೇ ಒಡೆದು ಸಿದ್ಧಪಡಿಸಬಹುದು. ಪೆನ್ಸಿಲ್ವೇನಿಯಾದಲ್ಲಿ ಮತದಾನದ ದಿನ ಬೆಳಿಗ್ಗೆ ಏಳರವರೆಗೆ ಮುಟ್ಟುವಂತಿಲ್ಲ. ಹೀಗಾಗಿ ಅಲ್ಲಿ ಮೊದಲು ಮತಗಟ್ಟೆಯ ಮತಗಳೂ ಆಮೇಲೆ ಅಂಚೆ ಮತಗಳೂ ಹೊರಬಿದ್ದವು. ಟ್ರಂಪ್ ಒಂದು ಹಂತದಲ್ಲಿ ಏಳು ಲಕ್ಷದ ಆಸುಪಾಸು ಮುಂದಿದ್ದರು. ಕೊನೆಗೆ ಬೈಡನ್ ಸುಮಾರು 80 ಸಾವಿರದಿಂದ ಗೆದ್ದರು. ಹೀಗೇ ಆಗುತ್ತದೆ ಎಂದು ಬಲ್ಲವರು ವಾರಗಟ್ಟಲೆ ಮೊದಲೇ ಹೇಳಿದ್ದರು. ಆದರೂ ನಡುರಾತ್ರಿ ಎರಡು ಗಂಟೆ ದಾಟಿದ ಮೇಲೆ ಟ್ರಂಪ್ ಶ್ವೇತಭವನದಲ್ಲಿ ನಿಂತು ತಾವೇ ಗೆದ್ದಿದ್ದೇವೆ ಎಂದರು. ಅಸೋಸಿಯೇಟೆಡ್ ಪ್ರೆಸ್ ಬೈಡನ್ ಹೆಸರು ಹೇಳಿದ್ದು ನಾಲ್ಕು ದಿನದ ಮೇಲೆ, ಶನಿವಾರ. ಆ ನಾಲ್ಕು ದಿನದ ಖಾಲಿ ಜಾಗದಲ್ಲಿ ಹುಟ್ಟಿದ ಸುಳ್ಳು ಅರವತ್ತಕ್ಕೂ ಹೆಚ್ಚು ಮೊಕದ್ದಮೆಗಳಾಗಿ ಹೆಚ್ಚುಕಡಿಮೆ ಎಲ್ಲದರಲ್ಲೂ ಸೋತು, ಕಡೆಗೆ 2021ರ ಜನವರಿ 6ರಂದು ಸಂಸತ್ ಭವನದ ಕಿಟಕಿ ಒಡೆಯಿತು.

ಬೆಂಗಳೂರಿನಲ್ಲಿ ಕುಳಿತವರಿಗೆ ಇದೆಲ್ಲ ಹಗಲಿನ ವ್ಯವಹಾರ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಂಗಳವಾರ ಸಂಜೆ ಏಳಾದಾಗ ಇಲ್ಲಿ ಬುಧವಾರ ಬೆಳಗಿನ ಐದೂವರೆ. 2024ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಟ್ರಂಪ್ ಗೆಲುವನ್ನು ಸಾರಿದಾಗ ನಮ್ಮಲ್ಲಿ ಸಂಜೆ ನಾಲ್ಕು ದಾಟಿತ್ತು. ಎಚ್‌–1ಬಿ ವೀಸಾ ಮೇಲೆ ಅಲ್ಲಿರುವ ಕನ್ನಡಿಗರಿಗೆ ಮತ ಹಾಕುವ ಹಕ್ಕಿಲ್ಲ, ಆತಂಕದ ಪಾಲು ಮಾತ್ರ ಪೂರ್ತಿ. ಹೊಸ ಎಚ್‌–1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಘೋಷಿಸಿದಾಗ ಆ ಆತಂಕ ಸುಳ್ಳಾಗಿರಲಿಲ್ಲ ಎಂಬುದು ಗೊತ್ತಾಯಿತು.

2024ರ ರಾತ್ರಿ ಮಾತ್ರ ಎಲ್ಲರ ನಿರೀಕ್ಷೆ ಮೀರಿ ಸದ್ದಿಲ್ಲದೆ ಮುಗಿಯಿತು. ಮಿಲ್ವಾಕಿಯಲ್ಲಿ ಯಂತ್ರಗಳ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲವೆಂದು ಸುಮಾರು 31 ಸಾವಿರ ಮತಪತ್ರಗಳನ್ನು ಮತ್ತೆ ಎಣಿಸಿದರು. ಹಲವು ರಾಜ್ಯಗಳ ಮತಗಟ್ಟೆಗಳಿಗೆ ಹುಸಿ ಬಾಂಬ್ ಬೆದರಿಕೆಗಳು ಬಂದವು. ನಾಲ್ಕು ವರ್ಷದ ಹಿಂದೆ ಇವುಗಳಲ್ಲಿ ಯಾವುದೊಂದಾದರೂ ಊರಿಗೇ ಬೆಂಕಿ ಹಚ್ಚಲು ಸಾಕಾಗುತ್ತಿತ್ತು. ಈ ಸಲ ಎಲೆಕ್ಟರ್ ಮತಗಳಲ್ಲಿ ಟ್ರಂಪ್ 312, ಕಮಲಾ ಹ್ಯಾರಿಸ್ 226. ಹ್ಯಾರಿಸ್ ಮರುದಿನ ಫೋನ್ ಮಾಡಿದರು. ಜನವರಿ 6ರಂದು ಉಪಾಧ್ಯಕ್ಷೆಯಾಗಿ ಪೀಠದಲ್ಲಿ ನಿಂತು ತಮ್ಮ ಸೋಲನ್ನು ತಾವೇ ಓದಿ ಹೇಳಿದರು. 1961ರಲ್ಲಿ ನಿಕ್ಸನ್, 2001ರಲ್ಲಿ ಗೋರ್ ಮಾಡಿದ್ದ ಕೆಲಸವೇ ಅದು.

ಇಷ್ಟು ಹೇಳಿ ‘ಪ್ರಜಾಪ್ರಭುತ್ವ ಗೆದ್ದಿತು’ ಎಂದು ಚಪ್ಪಾಳೆ ತಟ್ಟಿಬಿಡಬಹುದು. ಆದರೆ ಚುನಾವಣೆ ಮುಗಿದ ಮೇಲೆ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯ ಎರಡು ಅಂಕಿ ಅಡ್ಡ ಬರುತ್ತವೆ. ಚುನಾವಣೆ ದೇಶದಲ್ಲಿ ಚೆನ್ನಾಗಿ ನಡೆಯಿತು ಎಂದ ಟ್ರಂಪ್ ಮತದಾರರು 2020ರಲ್ಲಿ ಶೇ 21. 2024ರಲ್ಲಿ ಶೇ 93. ನಡುವೆ ಏನು ಬದಲಾಗಿತ್ತು? ಎಣಿಸುವ ಕ್ರಮ ಬಹುತೇಕ ಅದೇ, ಕೌಂಟಿ ಕಚೇರಿಗಳು ಅವೇ. ಬದಲಾದದ್ದು ಗೆದ್ದವರ ಹೆಸರು. ಸೋತ ಕಡೆಯವರ ನಂಬಿಕೆಯೂ ಕುಸಿದಿತ್ತು, ಆದರೆ ಹತ್ತು ಅಂಶದಷ್ಟು. ಹ್ಯಾರಿಸ್ ಮತದಾರರಲ್ಲಿ ಶೇ 84 ಜನ ಸರಿಯಾಗಿಯೇ ನಡೆಯಿತು ಎಂದರು. ಎರಡೂ ಪಕ್ಷದವರು ಒಂದೇ ಎಂದು ತಕ್ಕಡಿ ಸಮ ಮಾಡಲು ಈ ಅಂಕಿ ಬಿಡುವುದಿಲ್ಲ. 2024ರ ಶಾಂತಿಗೆ ಕಾರಣ ವ್ಯವಸ್ಥೆ ಗಟ್ಟಿಯಾದದ್ದೋ ಅಥವಾ ಸೋಲೊಪ್ಪದ ಅಭ್ಯರ್ಥಿ ಸೋಲದೇ ಹೋದದ್ದೋ? ಎರಡನೆಯದೇ ನಿಜ ಎನ್ನಿಸುತ್ತದೆ.

2020ರಲ್ಲಿ ಅಂಥ ಅಭ್ಯರ್ಥಿ ಸೋತಾಗ ವ್ಯವಸ್ಥೆಯನ್ನು ಹಿಡಿದು ನಿಲ್ಲಿಸಿದವರು ಹೆಸರು ಕೇಳದ ಸಣ್ಣ ಅಧಿಕಾರಿಗಳು. ಡೆಟ್ರಾಯಿಟ್ ಇರುವ ವೇಯ್ನ್ ಕೌಂಟಿಯಲ್ಲಿ ಪ್ರಮಾಣೀಕರಣ ಮಂಡಳಿ ಮೊದಲು 2–2ರಲ್ಲಿ ಸಿಕ್ಕಿಕೊಂಡು, ಕೆಲವು ಗಂಟೆಯ ಮೇಲೆ ಒಪ್ಪಿತು. ಮಿಷಿಗನ್ ರಾಜ್ಯ ಮಂಡಳಿಯಲ್ಲಿ ಇಬ್ಬರು ರಿಪಬ್ಲಿಕನ್ನರಲ್ಲಿ ಒಬ್ಬರು ತಟಸ್ಥರಾದರು. ಇನ್ನೊಬ್ಬರು ಏರನ್ ವ್ಯಾನ್ ಲ್ಯಾಂಗವೆಲ್ಡ್ ಎಂಬ ಯುವ ವಕೀಲ. ಕಾನೂನು ತಮಗೆ ಬೇರೆ ದಾರಿ ಬಿಟ್ಟಿಲ್ಲ ಎಂದು ಹೌದು ಎಂದರು. ಪಕ್ಷ ಅವರನ್ನು ಮತ್ತೆ ಆ ಸ್ಥಾನಕ್ಕೆ ಸೂಚಿಸಲಿಲ್ಲ. ಜಾರ್ಜಿಯಾದಲ್ಲಿ ಮತ ಎಣಿಸಿದ ತಾಯಿ–ಮಗಳ ಮೇಲೆ ಟ್ರಂಪ್ ಅವರ ವಕೀಲ ರೂಡಿ ಜೂಲಿಯಾನಿ ಸುಳ್ಳು ಆರೋಪ ಹೊರಿಸಿದರು. ಮನೆ ಬಿಟ್ಟು ಓಡಬೇಕಾಗಿ ಬಂದ ಅವರಿಗೆ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2023ರಲ್ಲಿ ಜ್ಯೂರಿ ಹೇಳಿತು.

ಮೇಲಿನ ಹಂತದ ಬಾಗಿಲಿಗೆ 2022ರಲ್ಲಿ ಹೊಸ ಕಾನೂನಿನ ಬೀಗ ಬಿತ್ತು. ಸಂಸತ್ತಿನ ಪ್ರತಿ ಸದನದಿಂದ ಒಬ್ಬೊಬ್ಬ ಸದಸ್ಯರು ಸಹಿ ಹಾಕಿದರೆ ಒಂದು ರಾಜ್ಯದ ಫಲಿತಾಂಶವನ್ನು ಪ್ರಶ್ನಿಸಬಹುದಾಗಿದ್ದ ಕಡೆ, ಈಗ ಎರಡೂ ಸದನಗಳ ಐದನೇ ಒಂದು ಭಾಗ ಸದಸ್ಯರು ಬೇಕು. ಉಪಾಧ್ಯಕ್ಷರ ಪಾತ್ರ ವಿಧ್ಯುಕ್ತ ಮಾತ್ರ. ಇತ್ತ ಟ್ರಂಪ್ ಎರಡನೆಯ ಸಲ ಅಧಿಕಾರ ವಹಿಸಿದ ಮೊದಲ ದಿನವೇ ಜನವರಿ 6ರ ಪ್ರಕರಣಗಳ ಸುಮಾರು 1,500 ಮಂದಿಗೆ ಕ್ಷಮಾದಾನ ಕೊಟ್ಟರು. ಕೆಳಗಿನ ಹಂತ, ಕೌಂಟಿ ಮಂಡಳಿಗಳ ಮೇಜು, ಇನ್ನೂ ಹಾಗೇ ಇದೆ. ಅರಿಜೋನಾದ ಕೊಚೀಸ್ ಕೌಂಟಿಯ ಇಬ್ಬರು ಸದಸ್ಯರು 2022ರ ಮಧ್ಯಂತರ ಚುನಾವಣೆಯ ಫಲಿತಾಂಶಕ್ಕೆ ಗಡುವಿನೊಳಗೆ ಒಪ್ಪಿಗೆ ಕೊಡಲಿಲ್ಲ. ನ್ಯಾಯಾಲಯ ಡಿಸೆಂಬರ್ 1ರಂದು ಆದೇಶಿಸಿದ ಮೇಲೆ, ಅದೇ ದಿನ ಸಂಜೆಯೊಳಗೆ ಒಪ್ಪಿಗೆ ಬಿತ್ತು. ಅವರ ಮೇಲೆ ಆಮೇಲೆ ಕ್ರಿಮಿನಲ್ ಪ್ರಕರಣವೂ ದಾಖಲಾಯಿತು. ಮುಂದಿನ ಸಲ ವಾಹಿನಿಗಳ ಕ್ಯಾಮೆರಾ ವಾಷಿಂಗ್ಟನ್ನಿನತ್ತ ತಿರುಗಿರುವಾಗ ಜಗಳ ನಡೆಯುವುದು ಇಂಥದೇ ಯಾವುದೋ ಊರಿನ, ಮೂರೋ ನಾಲ್ಕೋ ಜನ ಕೂರುವ ಕೋಣೆಯಲ್ಲಿ.