ಹಿಮದ ಕಡಲು, ನಮ್ಮ ಹೊಳೆ



ಒಂದು ಸಂಜೆ ನಮ್ಮ ಕೊಣನೂರಿನ ಕಲಿಕಾ ಕೇಂದ್ರಕ್ಕೆ ಒಂದು ಹಳೆಯ ಪತ್ರಿಕೆ ತಂದಿದ್ದೆವು. ಅದರಲ್ಲಿ ಒಂದು ಚಿತ್ರ. ಸುತ್ತಲೂ ಬಿಳಿ ಹಿಮ. ನಡುವೆ ಸಾಲಾಗಿ ನಿಂತ ಹಕ್ಕಿಗಳು. ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಹಿಂದೆ ನೀರಿನಲ್ಲಿ ಒಂದು ಹಡಗು.

"ಇದೇನು ಟೀಚರಮ್ಮ, ವಕೀಲರು ಕೋಟು ಹಾಕ್ಕೊಂಡು ನಿಂತಂಗಿದೆ!" ಎಂದರು ಒಬ್ಬ ಅಕ್ಕ. ಎಲ್ಲರೂ ನಕ್ಕರು.

ಇನ್ನೊಬ್ಬರು ಅಕ್ಷರ ಕೂಡಿಸಿ ಓದಿದರು. "ಪೆಂ... ಗ್ವಿನ್." ಆಮೇಲೆ ಕೇಳಿದರು, "ಆ ಹಡಗಿನಲ್ಲಿ ಯಾರಿದ್ದಾರೆ? ಅಷ್ಟು ದೂರ ಯಾಕೆ ಹೋದರು?"

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕೋಣ ಬನ್ನಿ. ಮೊದಲು ನಮ್ಮ ಹೊಳೆಯಿಂದಲೇ ಶುರು ಮಾಡೋಣ.

ನಾವು ದೋಣಿ ಹತ್ತಿದೆವು

ಕಾವೇರಿ ನಮ್ಮೂರ ಪಕ್ಕದಲ್ಲೇ ಹರಿಯುತ್ತಾಳೆ. ಇಲ್ಲಿಂದ ರಾಮನಾಥಪುರ. ಮುಂದೆ ಚುಂಚನಕಟ್ಟೆ. ಆಮೇಲೆ ಕೆಆರ್‌ಎಸ್ ಅಣೆಕಟ್ಟೆ. ಅದನ್ನು ದಾಟಿದರೆ ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು.

ಸುಮಾರು 1645ರಿಂದ 1648ರ ನಡುವೆ ಮೈಸೂರಿನ ಅರಸರು ಅಲ್ಲಿ ಹೊಳೆಗೆ ಒಂದು ಕಟ್ಟೆ ಕಟ್ಟಿಸಿದರು. ನೀರು ನಿಂತಿತು. ನೀರಿನ ನಡುವೆ ಸಣ್ಣ ಸಣ್ಣ ತಿಟ್ಟುಗಳು ಉಳಿದವು. ಅಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಹಕ್ಕಿಗಳ ಪಂಡಿತ ಸಲೀಂ ಅಲಿ ಅವರು ಈ ಜಾಗವನ್ನು ಕಾಪಾಡಿ ಎಂದು ಮಹಾರಾಜರಿಗೆ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ತಾಣ ಎಂಬ ಹೆಸರೂ ಬಂತು. ಇಡೀ ಪ್ರಪಂಚಕ್ಕೇ ಬೇಕಾದ ನೀರಿನ ತಾಣ ಎಂದು ಅದರ ಅರ್ಥ.

ನಮ್ಮ ಕೇಂದ್ರದ ಹೆಂಗಸರು ಒಮ್ಮೆ ಅಲ್ಲಿಗೆ ಪ್ರವಾಸ ಹೋದೆವು. ದೋಣಿಯಲ್ಲಿ ಕೂತೆವು. ಬಣ್ಣದ ಕೊಕ್ಕರೆ ಕಂಡಿತು. ಚಮಚದ ಹಾಗೆ ಕೊಕ್ಕು ಇರುವ ಹಕ್ಕಿ ಕಂಡಿತು. ಹೆಜ್ಜಾರ್ಲೆ ಕಂಡಿತು. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು.

ಖುಷಿ ತಡೆಯಲಾಗಲಿಲ್ಲ. ಗೂಡುಗಳ ಹತ್ತಿರ ಬಂದಾಗ ನಾವೆಲ್ಲ ಜೋರಾಗಿ ಕೂಗಿದೆವು. ಕೈ ತಟ್ಟಿದೆವು. ಹಕ್ಕಿಗಳು ಒಮ್ಮೆಗೇ ಎದ್ದು ಹಾರಿದವು.

ಅಂಬಿಗರು ಹುಟ್ಟು ನಿಲ್ಲಿಸಿದರು. "ಕೂಗಬೇಡಿ ಕಣ್ರಮ್ಮಾ. ತಾಯಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತೆ. ಕಾಗೆ, ಹದ್ದು ಅದನ್ನೇ ಕಾಯ್ತಾ ಇರ್ತವೆ" ಎಂದರು.

ನಮ್ಮ ಬಾಯಿ ಕಟ್ಟಿಹೋಯಿತು. ವಾಪಸ್ ಬರುವಾಗ ಒಬ್ಬ ಅಕ್ಕ ಒಂದು ಬೋರ್ಡಿನ ಮುಂದೆ ನಿಂತು ಓದಿದರು. "ಸದ್ದು ಮಾಡಬೇಡಿ." ಹೋಗುವಾಗಲೂ ಆ ಬೋರ್ಡು ಅಲ್ಲೇ ಇತ್ತು. ಓದಲು ಬಂದರೂ ನಾವು ಯಾರೂ ಓದಿರಲಿಲ್ಲ. ಕಲಿಸುವ ನಾವೂ ಓದಿರಲಿಲ್ಲ.

ಹಿಮದ ಕಡಲು ಎಲ್ಲಿದೆ?

ಭೂಮಿಯನ್ನು ಒಂದು ನಿಂಬೆಹಣ್ಣು ಎಂದುಕೊಳ್ಳಿ. ಮೇಲಿನ ತುದಿ ಉತ್ತರ ಧ್ರುವ. ಕೆಳಗಿನ ತುದಿ ದಕ್ಷಿಣ ಧ್ರುವ. ಎರಡೂ ಕಡೆ ಬರೀ ಹಿಮ. ಉತ್ತರದಲ್ಲಿ ಹಿಮಕರಡಿ ಇದೆ, ಪೆಂಗ್ವಿನ್ ಇಲ್ಲ. ದಕ್ಷಿಣದಲ್ಲಿ ಪೆಂಗ್ವಿನ್ ಇದೆ, ಕರಡಿ ಇಲ್ಲ.

ದಕ್ಷಿಣ ತುದಿಯ ನೆಲಕ್ಕೆ ಅಂಟಾರ್ಕ್ಟಿಕಾ ಎಂದು ಹೆಸರು. ನಮ್ಮ ಭಾರತದ ನಾಲ್ಕರಷ್ಟು ದೊಡ್ಡದು. ಅಲ್ಲಿ ಊರಿಲ್ಲ, ಹೊಲವಿಲ್ಲ. ಕೆಲಸಕ್ಕೆ ಹೋದವರು ಮಾತ್ರ ಇರುತ್ತಾರೆ. ಧ್ರುವದ ಹತ್ತಿರ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಚಳಿಗಾಲದಲ್ಲಿ ಹುಟ್ಟುವುದೇ ಇಲ್ಲ.

ಹಡಗಿನಲ್ಲಿ ಇರುವವರು ಯಾರು?

ಅವರು ಪ್ರವಾಸಿಗರು. ನಾವು ರಂಗನತಿಟ್ಟಿಗೆ ಹೋದ ಹಾಗೆ ಅವರು ಅಲ್ಲಿಗೆ ಹೋಗುತ್ತಾರೆ. ಆದರೆ ಖರ್ಚು ಬಹಳ. ಒಬ್ಬರಿಗೆ ಹಲವು ಲಕ್ಷ ರೂಪಾಯಿ. ಹೆಚ್ಚಿನ ಹಡಗುಗಳು ಅರ್ಜೆಂಟೀನಾ ದೇಶದ ಉಶುವಾಯ ಎಂಬ ಊರಿನಿಂದ ಹೊರಡುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅವುಗಳ ಓಡಾಟ. ನಮಗೆ ಚಳಿ ಇರುವಾಗ ಅಲ್ಲಿ ಬೇಸಿಗೆ. ಕಡಲು ದಾಟಲು ಸುಮಾರು ಎರಡು ದಿನ ಬೇಕು. ಅಲೆಗಳು ಬಹಳ ಜೋರು. ಹಡಗು ತೊಟ್ಟಿಲಿನ ಹಾಗೆ ತೂಗುತ್ತದೆ. ಹಲವರಿಗೆ ವಾಂತಿಯಾಗುತ್ತದೆ.

ಹಿಮದ ಹತ್ತಿರ ಹಡಗು ನಿಲ್ಲುತ್ತದೆ. ಜನ ಸಣ್ಣ ರಬ್ಬರ್ ದೋಣಿಗೆ ಇಳಿದು ದಡಕ್ಕೆ ಹೋಗುತ್ತಾರೆ. ಪೆಂಗ್ವಿನ್ ಕಾಣುತ್ತವೆ. ಸೀಲ್ ಎಂಬ ಪ್ರಾಣಿ ಹಿಮದ ಮೇಲೆ ಮಲಗಿರುತ್ತದೆ. ತಿಮಿಂಗಿಲ ಉಸಿರು ಬಿಟ್ಟರೆ ನೀರಿನ ಹೊಗೆ ಮೇಲಕ್ಕೆ ಏಳುತ್ತದೆ. ತಿಮಿಂಗಿಲಗಳಲ್ಲಿ ದೊಡ್ಡದು ನೀಲಿ ತಿಮಿಂಗಿಲ. ಅದು 30 ಮೀಟರ್‌ವರೆಗೂ ಬೆಳೆಯುತ್ತದೆ. ಐದಾರು ಸೀರೆಗಳನ್ನು ಉದ್ದಕ್ಕೆ ಹಾಸಿದಷ್ಟು! ಆದರೆ ಅದು ತಿನ್ನುವುದು ಸೀಗಡಿಯಂಥ ಪುಟ್ಟ ಜೀವಿಗಳನ್ನು.

ಹಿಂದೆ ಹಡಗುಗಳು ಅಲ್ಲಿಗೆ ಹೋಗುತ್ತಿದ್ದುದು ತಿಮಿಂಗಿಲವನ್ನು ಕೊಲ್ಲಲು. ಅದರ ಎಣ್ಣೆ ಮಾರುತ್ತಿದ್ದರು. ತಿಮಿಂಗಿಲಗಳು ಬಹಳ ಕಡಿಮೆಯಾದವು. ವ್ಯಾಪಾರಕ್ಕಾಗಿ ಕೊಲ್ಲಬಾರದು ಎಂದು ಹಲವು ದೇಶಗಳು ಸೇರಿ ಮಾಡಿದ ನಿಯಮ 1986ರಲ್ಲಿ ಜಾರಿಗೆ ಬಂತು.

ಮೊಟ್ಟೆ ಕಾಯುವ ಗಂಡು

ಪೆಂಗ್ವಿನ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎಂಪರರ್ ಪೆಂಗ್ವಿನ್. ಎಂಪರರ್ ಎಂದರೆ ಚಕ್ರವರ್ತಿ. ಅದರ ಸಂಸಾರದ ಕತೆ ಕೇಳಿ. ಹೆಣ್ಣು ಕೊರೆಯುವ ಚಳಿಯಲ್ಲಿ ಒಂದೇ ಮೊಟ್ಟೆ ಇಡುತ್ತದೆ. ಅದನ್ನು ಗಂಡಿಗೆ ಒಪ್ಪಿಸಿ, ಹೊಟ್ಟೆಗೆ ಹುಡುಕಲು ಕಡಲಿಗೆ ಹೋಗುತ್ತದೆ. ಗಂಡು ಮೊಟ್ಟೆಯನ್ನು ಪಾದದ ಮೇಲೆ ಇಟ್ಟುಕೊಂಡು, ಹೊಟ್ಟೆಯ ಚರ್ಮದಿಂದ ಮುಚ್ಚಿ ನಿಲ್ಲುತ್ತದೆ. ಸುಮಾರು ಎರಡು ತಿಂಗಳು ಹಾಗೇ ಕಾಯುತ್ತದೆ. ಅಷ್ಟು ದಿನವೂ ಉಪವಾಸ! ಮರಿಯಾಗುವ ಹೊತ್ತಿಗೆ ಹೆಣ್ಣು ವಾಪಸ್ ಬರುತ್ತದೆ. ಸಾವಿರ ಹಕ್ಕಿಗಳ ನಡುವೆ ತನ್ನ ಗಂಡನ ಕೂಗನ್ನು ಗುರುತು ಹಿಡಿಯುತ್ತದೆ.

ಇದನ್ನು ಓದಿದಾಗ ಕೇಂದ್ರದಲ್ಲಿ ಒಬ್ಬರು, "ಈ ಪುಸ್ತಕ ಮನೆಗೆ ಕೊಡಿ ಟೀಚರಮ್ಮ, ನಮ್ಮ ಯಜಮಾನರಿಗೆ ಓದಿ ಹೇಳ್ತೀನಿ" ಎಂದರು.

ಆದರೆ ಈ ಸಂಸಾರಕ್ಕೆ ಈಗ ಕಷ್ಟ ಬಂದಿದೆ. ಮರಿಗಳು ಬೆಳೆಯುವುದು ಕಡಲಿನ ಮೇಲೆ ಗಟ್ಟಿಯಾದ ಹಿಮದ ಮೇಲೆ. ಭೂಮಿ ಬಿಸಿಯಾಗುತ್ತಿದೆ. 2022ರಲ್ಲಿ ಅಂಟಾರ್ಕ್ಟಿಕಾದ ಒಂದು ಭಾಗದಲ್ಲಿ ಹಿಮ ಬೇಗ ಒಡೆಯಿತು. ಮರಿಗಳಿಗೆ ನೀರು ತಡೆಯುವ ಪುಕ್ಕ ಇನ್ನೂ ಬಂದಿರಲಿಲ್ಲ. ಸಾವಿರಾರು ಮರಿಗಳು ಸತ್ತಿರಬೇಕು ಎನ್ನುತ್ತಾರೆ ವಿಜ್ಞಾನಿಗಳು.

ನೋಡುವುದಕ್ಕೂ ನಿಯಮ ಇದೆ

ಈಗ ಒಂದೊಂದು ವರ್ಷ ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಆ ಕಡಲಿಗೆ ಹೋಗುತ್ತಾರೆ. ಹಡಗು ಎಣ್ಣೆ ಸುಡುತ್ತದೆ. ಅದರ ಹೊಗೆಯೂ ಭೂಮಿಯನ್ನು ಬಿಸಿ ಮಾಡುತ್ತದೆ. ಹಾಗಾದರೆ ಹೋಗುವುದು ಸರಿಯೇ? ಕಣ್ಣಾರೆ ಕಂಡವರು ಕಾಪಾಡಲು ಮುಂದೆ ಬರುತ್ತಾರೆ ಎಂದು ಕೆಲವರು ಹೇಳುತ್ತಾರೆ. ಹೋಗದಿರುವುದೇ ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ.

ಹೋದವರಿಗೆ ನಿಯಮಗಳಿವೆ. ಒಂದು ಜಾಗದಲ್ಲಿ ಒಮ್ಮೆಗೆ 100 ಜನಕ್ಕಿಂತ ಹೆಚ್ಚು ಇಳಿಯಬಾರದು. ಬೂಟು ತೊಳೆದು ಇಳಿಯಬೇಕು. ಇಲ್ಲದಿದ್ದರೆ ಬೀಜ, ರೋಗ ಅಂಟಿ ಬರುತ್ತವೆ. ಪೆಂಗ್ವಿನ್‌ನಿಂದ 5 ಮೀಟರ್ ದೂರ ನಿಲ್ಲಬೇಕು. ಒಂದು ಸೀರೆಯ ಉದ್ದಕ್ಕೆ ಸ್ವಲ್ಪ ಕಡಿಮೆ, ಅಷ್ಟೆ. ತಿಂಡಿ ಹಾಕಬಾರದು. ಒಂದು ಕಲ್ಲನ್ನೂ ತರಬಾರದು. ಕೂಗಬಾರದು.

ನೋಡಿದಿರಾ? ನಮ್ಮ ಅಂಬಿಗರು ಹೇಳಿದ ಮಾತೇ ಅಲ್ಲೂ ಇದೆ.

ನಮ್ಮ ದೇಶದ ಹೆಣ್ಣುಮಕ್ಕಳು

"ಅಲ್ಲಿಗೆ ಹೆಂಗಸರು ಹೋಗಬಹುದಾ?" ಎಂದು ಕೇಳಿದರು ಒಬ್ಬರು. ಹೋಗಿದ್ದಾರೆ! ನಮ್ಮ ದೇಶದ ಮೊದಲ ತಂಡ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹಡಗಿನಲ್ಲಿ ಹೊರಟಿತು. ಎರಡು ವರ್ಷದ ನಂತರ, 1983ರಲ್ಲಿ ಹೊರಟ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಸುದೀಪ್ತಾ ಸೇನ್‌ಗುಪ್ತಾ ಕಲ್ಲು ಮಣ್ಣು ಓದಿದವರು. ಅದಿತಿ ಪಂತ್ ಕಡಲನ್ನು ಓದಿದವರು. ಅವರು ಹೋದದ್ದು ಪ್ರವಾಸಕ್ಕಲ್ಲ, ಕೆಲಸಕ್ಕೆ. ಈಗ ಅಲ್ಲಿ ಮೈತ್ರಿ, ಭಾರತಿ ಎಂಬ ನಮ್ಮ ದೇಶದ ಎರಡು ಕೇಂದ್ರಗಳಿವೆ.

ನಮಗೇನು?

ನಾವು ಹಿಮದ ಕಡಲಿಗೆ ಹೋಗುತ್ತೇವೋ ಇಲ್ಲವೋ. ಆದರೆ ಹೊಳೆಗೆ ದಿನವೂ ಹೋಗುತ್ತೇವೆ. ರಾಮನಾಥಪುರದಲ್ಲಿ ದೇವರ ಮೀನು ಎಂದು ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅದು ನಮ್ಮ ಹಿರಿಯರು ಮಾಡಿದ ನಿಯಮ. ಅದನ್ನು ಯಾರೂ ಬೋರ್ಡು ನೋಡಿ ಕಲಿತಿಲ್ಲ.

ಆದರೆ ಬಟ್ಟೆ ಒಗೆದು ಸೋಪಿನ ಪುಡಿಯ ಪ್ಯಾಕೆಟ್ ಅಲ್ಲೇ ಬಿಟ್ಟು ಬರುತ್ತೇವೆ. ಹೊಳೆ ಅದನ್ನು ಕೆಳಕ್ಕೆ ಒಯ್ಯುತ್ತದೆ. ಕೆಳಗೆ ಮೀನುಗಳಿವೆ, ಹಕ್ಕಿಗಳಿವೆ. ಹೊಟ್ಟೆಗೆ ಎಂದು ಅವು ಪ್ಲಾಸ್ಟಿಕ್ ನುಂಗುತ್ತವೆ.

ರಂಗನತಿಟ್ಟಿನಿಂದ ಬಂದ ಮೇಲೆ ನಮ್ಮ ಕೇಂದ್ರದವರು ಒಂದು ಮಾತು ಮಾಡಿಕೊಂಡೆವು. ಹೊಳೆಗೆ ತಂದ ಪ್ಯಾಕೆಟ್ ಮನೆಗೆ ವಾಪಸ್. ಎಲ್ಲಿ ಬೋರ್ಡು ಕಂಡರೂ ನಿಂತು ಓದುವುದು.

ಯೋಚಿಸಿ, ಮಾತಾಡಿ

1. ನಿಮ್ಮೂರ ಕೆರೆ, ಹೊಳೆಯಲ್ಲಿ ಯಾವ ಯಾವ ಹಕ್ಕಿಗಳಿವೆ? ಹೆಸರು ಬರೆಯಿರಿ.
2. ನೀವು ಚಿಕ್ಕವರಿದ್ದಾಗ ಕಂಡ ಯಾವ ಹಕ್ಕಿ, ಯಾವ ಮೀನು ಈಗ ಕಾಣುವುದಿಲ್ಲ? ಯಾಕೆ?