ಮಧುಗಿರಿಯ ಸುತ್ತ ಒಂದು ದಿನದ ಬೆಟ್ಟಗಳು

ವ್ಯಾಪಾರಿಯ ವರ್ಷವನ್ನು ಅಳೆಯುವುದು ವಾಯಿದೆಯ ದಿನಾಂಕಗಳು. ಸೆಪ್ಟೆಂಬರ್ 30ಕ್ಕೆ ಲೆಕ್ಕಪರಿಶೋಧನಾ ವರದಿ, ಅಕ್ಟೋಬರ್ 31ಕ್ಕೆ ಆದಾಯ ವಿವರಣೆ, ಪ್ರತಿ ತಿಂಗಳ 11 ಮತ್ತು 20ರಂದು ಜಿಎಸ್‌ಟಿ. ಸರ್ಕಾರವು ವಾಯಿದೆಯನ್ನು ವಿಸ್ತರಿಸಿದರೆ ಆತಂಕವೂ ಅಷ್ಟೇ ದಿನ ವಿಸ್ತರಣೆಯಾಗುತ್ತದೆ. ಇವೆಲ್ಲದರ ನಡುವೆ ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಲ್ಪಸ್ವಲ್ಪ ಬಿಡುವು ದೊರೆಯುತ್ತದೆ. ತುಮಕೂರು ಜಿಲ್ಲೆಯ ಬೋಳು ಬಂಡೆಗಳನ್ನು ಏರಲು ಹಿತವಾದ ಕಾಲವೂ ಅದೇ.

ಈ ಲೇಖನವನ್ನು ಬರೆಯಲು ಕಾರಣವಿದೆ. ಬೆಳಿಗ್ಗೆ ಒಂಬತ್ತಕ್ಕೆ ಗದ್ದುಗೆಯ ಮೇಲೆ ಕುಳಿತರೆ ರಾತ್ರಿ ಒಂಬತ್ತಕ್ಕೆ ಏಳುವ ಕಕ್ಷಿದಾರರು ನನಗೆ ಅನೇಕರಿದ್ದಾರೆ. ನಲವತ್ತೈದು ದಾಟುವಷ್ಟರಲ್ಲಿ ದಾಸ್ತಾನಿನ ಪಟ್ಟಿಯೊಡನೆ ಸಕ್ಕರೆ, ರಕ್ತದೊತ್ತಡಗಳ ವರದಿಯೂ ಅವರ ಚೀಲದೊಳಗೆ ಸೇರಿರುತ್ತದೆ. ಯಂತ್ರಕ್ಕೆ ಸವಕಳಿ ಕಳೆಯಲು ತಪ್ಪದೆ ನೆನಪಿಸುವ ಇವರು ಯಂತ್ರದ ಒಡೆಯನ ಸವಕಳಿಯನ್ನು ಯಾವ ಲೆಕ್ಕಕ್ಕೂ ಹಿಡಿಯುವುದಿಲ್ಲ. ಊಟಿ, ಕೊಡೈಕೆನಾಲ್‌ಗಳಿಗೆ ಮೂರು ದಿನ ಅಂಗಡಿ ಮುಚ್ಚಿ ಹೋಗುವುದು ಇವರಿಂದಾಗದ ಮಾತು. ಭಾನುವಾರ ಮುಂಜಾನೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳುವಂಥ ಬೆಟ್ಟಗಳು ಬೇಕು.

ಅಂಥವಕ್ಕೆ ಮಧುಗಿರಿಯೇ ಕೇಂದ್ರ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್, ತುಮಕೂರಿನಿಂದ ಅದರ ಅರ್ಧಕ್ಕಿಂತ ಕಡಿಮೆ. ಶೇಂಗಾ, ರಾಗಿ, ಹುಣಿಸೆ, ದಾಳಿಂಬೆಗಳ ಈ ಒಕ್ಕಲುತನದ ಊರಿನ ಬೆನ್ನಿಗೇ ಸುಮಾರು 3,930 ಅಡಿ ಎತ್ತರದ ಏಕಶಿಲಾ ಬೆಟ್ಟ ನಿಂತಿದೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆಯೆಂದು ಎಲ್ಲರೂ ಹೇಳುತ್ತಾರೆ. ಅಳತೆಯ ದಾಖಲೆಯನ್ನು ಯಾರೂ ತೋರಿಸುವುದಿಲ್ಲವಾದ್ದರಿಂದ ಲೆಕ್ಕಪರಿಶೋಧಕನಾಗಿ ನಾನು ಅದಕ್ಕೆ ಸಹಿ ಹಾಕಲಾರೆ. ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ದಾಖಲೆಯ ಅಗತ್ಯವೂ ತೋರುವುದಿಲ್ಲ.

ಊರಿನ ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರ ದೇವಾಲಯಗಳನ್ನು ನೋಡಿಕೊಂಡು ಕೋಟೆಯ ಬಾಗಿಲು ಹೊಕ್ಕರೆ ಮೊದಲ ಅರ್ಧ ಗಂಟೆ ಮೆಟ್ಟಿಲುಗಳ ದಾರಿ. ಅಲ್ಲಿಯವರೆಗೆ ಯಾರು ಬೇಕಾದರೂ ಹೋಗಬಹುದು. ಮೇಲೆ ಹೋದಂತೆ ಮೆಟ್ಟಿಲು ಮುಗಿದು, ಬಂಡೆಯಲ್ಲಿ ಕೊರೆದ ಕಾಲುಗುಳಿ ಹಾಗೂ ಕಂಬಿಗಳ ಆಸರೆ ಮಾತ್ರ ಉಳಿಯುತ್ತದೆ. ಇಳಿಜಾರು ಕಡಿದಾಗಿರುವ ಕಡೆ ಹಿಂದಿರುಗಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಮಳೆ ಬಿದ್ದ ದಿನ ಈ ಭಾಗಕ್ಕೆ ಕಾಲಿಡಲೇಬಾರದು. ನಿಧಾನವಾಗಿ ಏರುವವರಿಗೆ ತುದಿ ಮುಟ್ಟಲು ಎರಡೂವರೆಯಿಂದ ಮೂರು ಗಂಟೆ ಬೇಕು. ಮೇಲೆ ಪಾಳುಬಿದ್ದ ಗೋಪಾಲಕೃಷ್ಣ ಗುಡಿ, ಕುಸಿದ ಉಗ್ರಾಣಗಳು. ಮುತ್ತಿಗೆಯ ಕಾಲಕ್ಕೆಂದು ಇಷ್ಟು ಎತ್ತರದಲ್ಲಿ ಧಾನ್ಯ ಕೂಡಿಟ್ಟವರ ದಾಸ್ತಾನು ನಿರ್ವಹಣೆಯನ್ನು ನಮ್ಮ ಮಂಡಿ ವರ್ತಕರು ಒಮ್ಮೆಯಾದರೂ ನೋಡಬೇಕು.

ಈ ಕೋಟೆಯ ಚರಿತ್ರೆಯಲ್ಲಿಯೂ ಪಾಲುದಾರಿಕೆಯ ಪ್ರಸಂಗವೊಂದಿದೆ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದು ಮೈಸೂರಿನ ವಶವಾದಾಗ ರಾಮಪ್ಪಗೌಡ ಮತ್ತು ತಿಮ್ಮಪ್ಪಗೌಡ ಎಂಬಿಬ್ಬರು ಜಂಟಿಯಾಗಿ ಆಳುತ್ತಿದ್ದರು. ಮುಂದೆ ಹೈದರಲಿಯು 1763ರಲ್ಲಿ ಬಿದನೂರನ್ನು ಗೆದ್ದು ಕೆಳದಿಯ ರಾಣಿ ವೀರಮ್ಮಾಜಿಯನ್ನು ಇಲ್ಲಿಯೇ ಸೆರೆಯಲ್ಲಿಟ್ಟನು. 1767ರಲ್ಲಿ ಮರಾಠರು ಆಕೆಯನ್ನು ಬಿಡಿಸಿದರು. ಬೆಟ್ಟದ ಮೇಲಿನ ಗಾಳಿಯಲ್ಲಿ ಕುಳಿತಾಗ ಪೀಠಾಧಿಪತ್ಯಗಳ ಈ ಏರಿಳಿತ ಬೇಡವೆಂದರೂ ನೆನಪಾಗುತ್ತದೆ.

ಇಷ್ಟು ಏರಲಾಗದವರಿಗೆ ಸುತ್ತಲೂ ಬೇರೆ ಬೆಟ್ಟಗಳಿವೆ. ಕೊರಟಗೆರೆಯ ಬಳಿಯ ಸಿದ್ದರಬೆಟ್ಟದಲ್ಲಿ ಗುಹೆಯೊಳಗಿನ ಸಿದ್ದೇಶ್ವರನವರೆಗೆ ಮೆಟ್ಟಿಲುಗಳಿವೆ. ಹಿರಿಯರೂ ಮಕ್ಕಳೂ ಸುಲಭವಾಗಿ ಏರಬಲ್ಲರು. ಮನೆಯವರನ್ನು ಕರೆದೊಯ್ದವರು ಸಮೀಪದ ಗೊರವನಹಳ್ಳಿಯ ಮಹಾಲಕ್ಷ್ಮಿಯನ್ನು ನೋಡದೆ ಬರುವುದು ಹೇಗೂ ಸಾಧ್ಯವಿಲ್ಲ, ಅದರಲ್ಲೂ ವ್ಯಾಪಾರಸ್ಥರು. ದೇವರಾಯನದುರ್ಗದಲ್ಲಿ ಭೋಗನರಸಿಂಹನಿಂದ ಯೋಗನರಸಿಂಹನವರೆಗಿನ ಏರು, ಜಯಮಂಗಲಿಯ ಉಗಮ, ಕಾಡಿನ ನಾಮದ ಚಿಲುಮೆ ಸೇರಿ ಒಂದು ದಿನಕ್ಕೆ ಸರಿಹೋಗುತ್ತವೆ. ಅಲ್ಲಿ ಚಿರತೆ, ಕರಡಿಗಳಿರುವುದರಿಂದ ನಸುಕಿನಲ್ಲಿ ಕಾಲುದಾರಿ ಹಿಡಿಯುವುದು ತರವಲ್ಲ. ಚನ್ನರಾಯನದುರ್ಗ ಮತ್ತು ಪಾವಗಡ ರಸ್ತೆಯ ಮಿಡಿಗೇಶಿಯ ಕೋಟೆಗಳು ಜನವಿಲ್ಲದೆ ನಿಶ್ಶಬ್ದವಾಗಿವೆ; ದಾರಿ ಬಲ್ಲ ಸ್ಥಳೀಯರೊಬ್ಬರು ಜೊತೆಗಿರಬೇಕು. ನಡೆಯುವುದೇ ಬೇಡವೆನ್ನುವವರಿಗೆ ಮೈದನಹಳ್ಳಿಯ ಹುಲ್ಲುಗಾವಲಿದೆ. 2007ರಲ್ಲಿ ಸಂರಕ್ಷಿತವೆಂದು ಘೋಷಿತವಾದ ಈ 798 ಎಕರೆಯಲ್ಲಿ ಕೃಷ್ಣಮೃಗಗಳ ಹಿಂಡುಗಳನ್ನು ಕಾಣಬಹುದು.

ಇನ್ನು ವ್ಯವಹಾರದ ಮಾತು. ರಜಾದಿನಗಳಲ್ಲಿ ಬೆಂಗಳೂರಿನಿಂದ ಬರುವ ಯುವಕರು ನಗರದಲ್ಲೇ ಗಾಡಿಗೆ ಇಂಧನ ತುಂಬಿಸಿ, ಹೆದ್ದಾರಿಯಲ್ಲಿ ಉಪಾಹಾರ ಮುಗಿಸಿ, ಬಾಟಲಿ ನೀರನ್ನು ಹೊತ್ತು ತಂದು, ಖಾಲಿ ಬಾಟಲಿಯನ್ನಷ್ಟೇ ಊರಿಗೆ ಬಿಟ್ಟು ಹೋಗುತ್ತಾರೆ. ಊರಿನ ಖಾತೆಯಲ್ಲಿ ಖರ್ಚು ಮಾತ್ರ ನಮೂದಾಗುತ್ತದೆ, ಜಮಾ ಇಲ್ಲ. ಬೆಳಿಗ್ಗೆ ಆರಕ್ಕೇ ತೆರೆಯುವ ಒಂದು ಉಪಾಹಾರ ಗೃಹ, ಶುಚಿಯಾದ ಶೌಚಾಲಯ, ವಾಹನ ನಿಲುಗಡೆ, ದಾರಿ ತೋರುವ ನಾಲ್ವರು ಯುವಕರು, ಊರಿನದೇ ಹುಣಿಸೆ ಮತ್ತು ಗಾಣದ ಎಣ್ಣೆಯ ಸಣ್ಣ ಪೊಟ್ಟಣಗಳು – ಇವಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಸೇವೆಗಳಿಗೆ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೂ ಬೇಕಾಗುವುದಿಲ್ಲ. ಪಕ್ಕದ ಪಾವಗಡದಲ್ಲಿ ಸೌರ ಉದ್ಯಾನಕ್ಕೆ ರೈತರು ಜಮೀನನ್ನು ಮಾರದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟಿದ್ದು, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಹೆಚ್ಚಳದ ಕರಾರಿದೆ. ಬರದ ಸೀಮೆಯು ಬಿಸಿಲಿನಿಂದ ಆದಾಯ ಪಡೆಯಬಹುದಾದರೆ ಬಂಡೆಯಿಂದೇಕೆ ಪಡೆಯಬಾರದು?

ಕಾರ್ಮಿಕರನ್ನು ಕರೆದೊಯ್ಯುವ ಉದ್ಯಮಿಗಳಿಗೆ ಒಂದು ಸೂಚನೆ. ಇಡೀ ಸಿಬ್ಬಂದಿಗಾಗಿ ಏರ್ಪಡಿಸಿದ ಪ್ರವಾಸವನ್ನು ಸಿಬ್ಬಂದಿ ಕಲ್ಯಾಣದ ವೆಚ್ಚವೆಂದು ತೋರಿಸಬಹುದು. ರಸೀದಿಗಳನ್ನೂ ಹೋದವರ ಪಟ್ಟಿಯನ್ನೂ ಇಟ್ಟುಕೊಳ್ಳಿರಿ. ಕುಟುಂಬದ ಖರ್ಚನ್ನು ಅದರೊಳಗೆ ಸೇರಿಸಬೇಡಿರಿ. ಊಟೋಪಚಾರದ ಮೇಲಿನ ಜಿಎಸ್‌ಟಿಗೆ ಕಲಂ 17(5)ರ ಪ್ರಕಾರ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಏರಲು ತೊಡಗಿ ಬಿಸಿಲು ಬಲಿಯುವ ಮುನ್ನ ಕಡಿದಾದ ಭಾಗವನ್ನು ದಾಟಿಕೊಳ್ಳಬೇಕು. ತಲಾ ಎರಡು ಲೀಟರ್ ನೀರು, ಹಿಡಿತವಿರುವ ಅಡಿಯ ಬೂಟು, ಟೊಪ್ಪಿಗೆ ಸಾಕು. ಮಧುಗಿರಿಗೆ ಆ ಹೆಸರು ಜೇನುಹುಟ್ಟುಗಳಿಂದ ಬಂದುದೆಂದು ಪ್ರತೀತಿ. ಆದುದರಿಂದ ಹೊಗೆ ಎಬ್ಬಿಸುವುದು, ಕಲ್ಲೆಸೆಯುವುದು, ಕೂಗಾಡುವುದು ಕೂಡದು. ಹೃದಯದ ತೊಂದರೆಯುಳ್ಳವರು ಮೊದಲು ವೈದ್ಯರನ್ನು ಕೇಳಿ, ಮೆಟ್ಟಿಲು ಮುಗಿಯುವಲ್ಲಿಯೇ ಕುಳಿತು ಬುತ್ತಿ ಬಿಚ್ಚುವುದು ಲೇಸು.