ಮೊಣಕಾಲಿನಿಂದ ಶುರುವಾಗುವ ಕುಣಿತ

'ಬೆಲ್ಲಿ ಡ್ಯಾನ್ಸ್' ಎಂದೊಡನೆ ನಮ್ಮವರ ಕಣ್ಣ ಮುಂದೆ ಬರುವುದು ಹಿಂದಿ ಚಿತ್ರಗಳ ಕ್ಯಾಬರೆ. 1975ರ 'ಶೋಲೆ'ಯಲ್ಲಿ ಡಕಾಯಿತರ ಮುಂದೆ ಹೆಲೆನ್ ಕುಣಿದದ್ದು ಹಲವರಿಗೆ ನೆನಪಿದೆ. ಆ ಚಿತ್ರದ ಬಂಡೆಗಳು ನಮ್ಮ ರಾಮನಗರದವು ಎಂಬುದೂ ಗೊತ್ತು. ಆದರೆ ಆ ಕುಣಿತಕ್ಕೆ ಮಾದರಿ ಒದಗಿಸಿದ ನೃತ್ಯದ ಊರು ಬಹುದೂರದ್ದು. ಅದನ್ನು ಕಾಣಬೇಕಾದರೆ ನೈಲ್ ನದಿಯ ದಡದ ಕೈರೋ ನಗರಕ್ಕೇ ಹೋಗಬೇಕು.

ಈಜಿಪ್ಟಿನಲ್ಲಿ ಈ ನೃತ್ಯಕ್ಕೆ ಹೊಟ್ಟೆಯ ಹೆಸರೇ ಇಲ್ಲ. ವೇದಿಕೆಯ ಮೇಲಿನದು 'ರಕ್ಸ್ ಶರ್ಕಿ', ಅಂದರೆ ಪೂರ್ವದೇಶದ ನೃತ್ಯ. ಮನೆಯಲ್ಲಿ, ಓಣಿಯಲ್ಲಿ, ಮದುವೆ ಮನೆಯಲ್ಲಿ ಕುಣಿಯುವುದು 'ರಕ್ಸ್ ಬಲದಿ'. 'ಬಲದಿ' ಎಂದರೆ ನಮ್ಮ ಊರಿನದು, ನಾಟಿ. ಕೈರೋದ ಜನ ದಿನವೂ ತಿನ್ನುವ ರೊಟ್ಟಿಗೂ ಅದೇ ವಿಶೇಷಣ. ನಾಟಿ ಕೋಳಿ, ನಾಟಿ ಟೊಮೆಟೊ ಎಂದು ನಾವು ಹೇಳಿದ ಹಾಗೆ. ಹೊಟ್ಟೆಯ ಹೆಸರನ್ನು ಅಂಟಿಸಿದವರು ಹತ್ತೊಂಬತ್ತನೆಯ ಶತಮಾನದ ಫ್ರೆಂಚರು. 1893ರಲ್ಲಿ ಅಮೆರಿಕದ ಷಿಕಾಗೋದಲ್ಲಿ ನಡೆದ ಜಾಗತಿಕ ಪ್ರದರ್ಶನದಲ್ಲಿ 'ಕೈರೋ ಬೀದಿ' ಎಂಬ ವಿಭಾಗವೇ ಇತ್ತು. ಅಲ್ಲಿಗೆ ಕುತೂಹಲದಿಂದ ನುಗ್ಗಿದ ಜನರ ಬಾಯಲ್ಲಿ ಆ ಹೆಸರು ಇಂಗ್ಲಿಷಿನಲ್ಲೂ ನೆಲೆಯೂರಿತು. ಕಲಿಯಲು ಬರುವ ಹೊಸಬರ ಮೊದಲ ತಪ್ಪು ಈ ಹೆಸರಿನಿಂದಲೇ ಹುಟ್ಟುತ್ತದೆ. ಅವರು ಹೊಟ್ಟೆಯನ್ನು ಕುಣಿಸಲು ಹೊರಡುತ್ತಾರೆ.

ಮೊದಲ ಪಾಠ

ಪಾಠ ಆರಂಭವಾಗುವುದು ನಿಲ್ಲುವ ಕ್ರಮದಿಂದ. ಪಾದಗಳು ಸೊಂಟದ ಅಗಲಕ್ಕೆ ಸಮಾನಾಂತರವಾಗಿ ಇರಬೇಕು. ಮೊಣಕಾಲು ಬಿಗಿಯಬಾರದು, ತುಸು ಸಡಿಲವಾಗಿ ಬಾಗಿರಬೇಕು. ಎದೆ ಮೇಲೆ, ಭುಜ ಕೆಳಗೆ. ಬೆನ್ನಿನ ಕೆಳಭಾಗವನ್ನು ಒಳಕ್ಕೆ ಬಗ್ಗಿಸಿ ಹಿಂಭಾಗ ಹೊರಚಾಚಿದರೆ ಸೊಂಟನೋವು ಖಂಡಿತ. ಆದ್ದರಿಂದ ಬೆನ್ನಿನ ತುದಿಯನ್ನು ನೆಲದ ಕಡೆಗೆ ಇಳಿಬಿಟ್ಟಂತೆ ನಿಲ್ಲಲು ಹೇಳುತ್ತಾರೆ. ಭರತನಾಟ್ಯದ ಅರಮಂಡಿಯಂತೆ ಇಲ್ಲಿ ಮಂಡಿಯನ್ನು ಅಗಲಿಸಿ ಕೂರುವುದಿಲ್ಲ. ನೋಡಿದವರಿಗೆ ಸುಮ್ಮನೆ ನಿಂತಂತೆಯೇ ಕಾಣುತ್ತದೆ.

ಇನ್ನು ಸೊಂಟದ ಚಲನೆ. ಇದರ ಗುಟ್ಟು ಮೊಣಕಾಲಿನಲ್ಲಿದೆ. ಸೊಂಟದ ಮೂಳೆ ಎರಡು ತೊಡೆಮೂಳೆಗಳ ಮೇಲೆ ಕುಳಿತಿದೆ. ಬಾಗಿದ ಬಲ ಮೊಣಕಾಲನ್ನು ನೇರ ಮಾಡಿದರೆ ಬಲ ಸೊಂಟ ಮೇಲೇರುತ್ತದೆ, ಬಗ್ಗಿಸಿದರೆ ಇಳಿಯುತ್ತದೆ. ಎಡ, ಬಲ, ಎಡ, ಬಲ ಎಂದು ನಿಧಾನವಾಗಿ ಇದನ್ನೇ ಮಾಡುತ್ತ ವೇಗ ಹೆಚ್ಚಿಸಿದರೆ ಸೊಂಟ ತಾನಾಗಿ ನಡುಗತೊಡಗುತ್ತದೆ. 'ಶಿಮ್ಮಿ' ಎಂದು ಕರೆಯುವ ಪ್ರಸಿದ್ಧ ಕಂಪನದ ಒಂದು ಬಗೆ ಇದೇ. ನೋಡುವವರ ಕಣ್ಣು ಸೊಂಟದ ಮೇಲಿರುತ್ತದೆ, ದುಡಿಯುವುದು ಮೊಣಕಾಲು.

ಕೇಳಲು ಸುಲಭ. ಆದರೆ ಮೊದಲ ವಾರಗಳಲ್ಲಿ ಹೊಸಬರ ಭುಜವೂ ತಲೆಯೂ ಸೊಂಟದ ಜೊತೆಗೇ ಅಲುಗುತ್ತವೆ. ವೇಗ ಬೇಕೆಂದು ತೊಡೆ ಬಿಗಿಹಿಡಿಯುತ್ತಾರೆ, ಉಸಿರು ಕಟ್ಟುತ್ತಾರೆ. ಅರೆ ನಿಮಿಷದಲ್ಲಿ ಕಾಲು ಸೋಲುತ್ತದೆ. ದೇಹದ ಒಂದು ಭಾಗ ಚಲಿಸುವಾಗ ಉಳಿದದ್ದು ಸುಮ್ಮನಿರಬೇಕು ಎಂಬುದು ಈ ನೃತ್ಯದ ಮೂಲ ನಿಯಮ. ಅದಕ್ಕಾಗಿ ಗೋಡೆಗೆ ಬೆನ್ನು ಕೊಟ್ಟು, ಭುಜಗಳು ಗೋಡೆಯನ್ನು ಬಿಡದಂತೆ ಸೊಂಟವನ್ನಷ್ಟೇ ಆಡಿಸುವ ಅಭ್ಯಾಸವುಂಟು. ಆಮೇಲೆ ಸೊಂಟದಿಂದ ಗಾಳಿಯಲ್ಲಿ ವೃತ್ತ ಬರೆಯುವುದು, ಇಂಗ್ಲಿಷಿನ ಎಂಟರ ಅಂಕಿಯನ್ನು ಅಡ್ಡಲಾಗಿಯೂ ಉದ್ದಕ್ಕೂ ಬರೆಯುವುದು, ಒಂದು ಕಡೆಯ ಸೊಂಟವನ್ನು ಥಟ್ಟನೆ ಇಳಿಸುವುದು. ಎದೆಯಿಂದ ಕೆಳಹೊಟ್ಟೆಯವರೆಗೆ ಅಲೆ ಹರಿಸುವ ಚಲನೆಯಲ್ಲಿ ಹೊಟ್ಟೆಯ ಸ್ನಾಯುಗಳಿಗೆ ಹೆಚ್ಚಿನ ಕೆಲಸ. ಅದು ಪಳಗಿದ ಮೇಲಿನ ಮಾತು. ಕಂಪನ ನಿಲ್ಲಿಸದೆ ನಡೆಯುವುದು, ನಡೆಯುತ್ತಲೇ ಕೈಗಳನ್ನು ನಿಧಾನವಾಗಿ ತೇಲಿಸುವುದು ಇನ್ನೂ ಮುಂದಿನ ಮೆಟ್ಟಿಲು.

ದುಂ ಮತ್ತು ತಕ್

ಕಾಲಿನ ನಂತರದ ಗುರು ಕಿವಿ. ಕೈರೋದಲ್ಲಿ ಈ ನೃತ್ಯಕ್ಕೆ ಬಾರಿಸುವ ವಾದ್ಯದ ಹೆಸರು ತಬಲ. ಆದರೆ ಅದು ನಮ್ಮ ಜೋಡಿ ತಬಲ ಅಲ್ಲ. ಹೂಜಿಯಾಕಾರದ, ಒಂದೇ ಮುಖದ, ತೊಡೆಯ ಮೇಲೆ ಅಡ್ಡ ಮಲಗಿಸಿ ನುಡಿಸುವ ವಾದ್ಯ. ಮುಖದ ನಡುವೆ ಹೊಡೆದರೆ ಬರುವ ತುಂಬು ದನಿ 'ದುಂ', ಅಂಚಿಗೆ ಹೊಡೆದರೆ 'ತಕ್'. ಹೊಸಬರು ಕಲಿಯಬೇಕಾದ ತಾಳಗಳಲ್ಲಿ 'ಮಕ್ಸೂಮ್' ಮುಖ್ಯವಾದದ್ದು. ಎಂಟು ಎಣಿಕೆಯಲ್ಲಿ ಮೊದಲನೆಯದು ದುಂ, ಎರಡನೆಯದು ತಕ್, ಮೂರು ಖಾಲಿ, ನಾಲ್ಕು ತಕ್, ಐದು ದುಂ, ಆರು ಖಾಲಿ, ಏಳು ತಕ್, ಎಂಟು ಖಾಲಿ. ಎರಡನೆಯ ತಕ್ಕನ್ನು ದುಂ ಆಗಿ ಬದಲಿಸಿದರೆ ಅದು 'ಬಲದಿ' ತಾಳವಾಗುತ್ತದೆ. ಅಷ್ಟೇ ಬದಲಾವಣೆಗೆ ತಾಳದ ತೂಕವೇ ಬೇರೆಯಾಗುತ್ತದೆ, ನರ್ತಕಿಯ ಹೆಜ್ಜೆ ನೆಲಕ್ಕೆ ಹತ್ತಿರವಾಗುತ್ತದೆ.

ದುಂ ಬಂದಾಗ ಸೊಂಟ ಇಳಿಯಬೇಕು, ತಕ್ ಬಂದಾಗ ಹಗುರವಾದ ಚಲನೆ ಬೇಕು ಎಂದು ಆರಂಭದಲ್ಲಿ ಕಲಿಸುವುದುಂಟು. ಆದರೆ ತಾಳ ನಿಂತು, ಕೊಳಲಿನಂಥ 'ನಾಯ್' ಅಥವಾ ತಂತಿವಾದ್ಯ 'ಊದ್' ಒಂಟಿಯಾಗಿ ಆಲಾಪನೆಗೆ ತೊಡಗಿದಾಗ ನರ್ತಕಿಯ ಪರೀಕ್ಷೆ. ಇದಕ್ಕೆ 'ತಕ್ಸೀಮ್' ಎನ್ನುತ್ತಾರೆ. ಎಣಿಸಲು ಆಗ ಏನೂ ಇರುವುದಿಲ್ಲ. ಮುದ್ರೆಗಳ ನಿಘಂಟು ಇಲ್ಲ, ಅಭಿನಯಿಸಲು ಕಥೆ ಇಲ್ಲ. ಕೇಳಿದ್ದನ್ನು ಆ ಕ್ಷಣವೇ ದೇಹದಲ್ಲಿ ತೋರಿಸಬೇಕು. ಸಂಗೀತದಲ್ಲಿ ಕರಗಿಹೋಗುವ ಈ ಅನುಭವಕ್ಕೆ ಅರಬ್ಬರ ಮಾತು 'ತರಬ್'. ವರ್ಷಗಟ್ಟಲೆ ಚಲನೆ ಕಲಿತವರೂ ಇಲ್ಲಿ ತಡವರಿಸುತ್ತಾರೆ.

ಗಡೀಪಾರಾದವರು

ಕಲಿಯುವವರು ತಿಳಿಯಬೇಕಾದ ಇನ್ನೊಂದು ಸಂಗತಿ ಈ ನೃತ್ಯದ ಚರಿತ್ರೆ. ಹಿಂದೆ ಈಜಿಪ್ಟಿನಲ್ಲಿ 'ಅವಾಲಿಮ್' ಎಂಬ ಕಲಾವಿದೆಯರಿದ್ದರು. ಪದದ ಅರ್ಥ ಬಲ್ಲವರು, ವಿದ್ಯಾವತಿಯರು. ಉಳ್ಳವರ ಮನೆಯ ಅಂತಃಪುರದಲ್ಲಿ ಹೆಂಗಸರ ಮುಂದೆ ಹಾಡುವುದು ಅವರ ವೃತ್ತಿ. ಬೀದಿಯಲ್ಲಿ ಕುಣಿಯುವವರು 'ಗವಾಜಿ'ಗಳು. 1834ರಲ್ಲಿ ಆಡಳಿತಗಾರ ಮೊಹಮ್ಮದ್ ಅಲಿ ಪಾಷಾ ಕೈರೋದಲ್ಲಿ ಸಾರ್ವಜನಿಕ ನೃತ್ಯವನ್ನು ನಿಷೇಧಿಸಿ ನರ್ತಕಿಯರನ್ನು ದಕ್ಷಿಣದ ಊರುಗಳಿಗೆ ಅಟ್ಟಿದ. 1850ರಲ್ಲಿ ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ ಪ್ರಸಿದ್ಧ ನರ್ತಕಿ ಕುಚುಕ್ ಹಾನೆಮ್‌ಳನ್ನು ಕಂಡದ್ದು ಕೈರೋದಲ್ಲಲ್ಲ, ದೂರದ ಎಸ್ನಾ ಊರಿನಲ್ಲಿ.

ನಗರದ ವೇದಿಕೆಯಲ್ಲಿ ಹೊಸ ಕಾಲ ಬಂದದ್ದು 1926ರಲ್ಲಿ, ಬದಿಯಾ ಮಸಾಬ್ನಿ ಎಂಬ ಮಹಿಳೆ ಕೈರೋದಲ್ಲಿ ತಮ್ಮ ರಂಜನಾಗೃಹ ತೆರೆದಾಗ. ಮಣಿ, ಮಿನುಗುಗಳ ಎರಡು ತುಂಡಿನ ಉಡುಪು, ದೊಡ್ಡ ವಾದ್ಯವೃಂದ, ವೇದಿಕೆಯ ಉದ್ದಗಲ ಬಳಸುವ ಹೆಜ್ಜೆಗಳು ಇಂಥ ತಾಣಗಳಲ್ಲಿ ಮತ್ತು ಸಿನಿಮಾದಲ್ಲಿ ರೂಪುಗೊಂಡವು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಬದಿಯಾ ಅವರ ಗರಡಿಯಲ್ಲೇ ಬೆಳೆದವರು. ರಾಜಕೀಯ ನಿಲುವಿಗಾಗಿ ಸೆರೆಮನೆಯನ್ನೂ ಕಂಡ ತಹಿಯಾ ಅವರ ಬಗ್ಗೆ ಚಿಂತಕ ಎಡ್ವರ್ಡ್ ಸೈದ್ 1990ರಲ್ಲಿ ಪ್ರಬಂಧವನ್ನೇ ಬರೆದರು. ನಿಂತ ಜಾಗ ಬಿಡದೆ ಕುಣಿಯುವ ಅವರ ಸಂಯಮವನ್ನು ಸೈದ್ ಮೆಚ್ಚಿದ್ದರು.

ಇಲ್ಲಿಯವರೆಗಿನ ಕಥೆ ನಮ್ಮ ದೇಶಕ್ಕೂ ಅಪರಿಚಿತವಲ್ಲ. ದೇವದಾಸಿಯರ ನೃತ್ಯವೂ ಕಳಂಕ ಹೊತ್ತು, 1947ರ ಮದ್ರಾಸ್ ಕಾನೂನಿನಂಥ ನಿಷೇಧಗಳನ್ನು ಕಂಡಿತು. ಆದರೆ ಮುಂದಿನ ದಾರಿ ಕವಲೊಡೆಯುತ್ತದೆ. ನಮ್ಮಲ್ಲಿ ಆ ನೃತ್ಯ ಭರತನಾಟ್ಯವೆಂಬ ಹೆಸರಿನಲ್ಲಿ ಮಧ್ಯಮ ವರ್ಗದ ಮನೆಗೆ ಬಂತು. ಮೈಸೂರು ಅರಮನೆಯಲ್ಲಿ ಕುಣಿದ ವೆಂಕಟಲಕ್ಷಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮಗಳ ರಂಗಪ್ರವೇಶಕ್ಕೆ ತಂದೆತಾಯಿ ಆಮಂತ್ರಣ ಪತ್ರ ಅಚ್ಚು ಹಾಕಿಸುತ್ತಾರೆ. ಈ ಗೌರವದ ಹಾದಿಯಲ್ಲಿ ಹಳೆಯ ಕಲಾವಿದೆಯರಲ್ಲಿ ಬಹುಪಾಲು ಮಂದಿ ಹಿಂದೆ ಉಳಿದರು ಎಂಬುದೂ ನಿಜ. ಈಜಿಪ್ಟಿನಲ್ಲಿ 1959ರಲ್ಲಿ ಮಹಮೂದ್ ರೆಡಾ ಕಟ್ಟಿದ ತಂಡ ಜಾನಪದ ಕುಣಿತಗಳಿಗೆ ಅಂಥ ಗೌರವ ತಂದುಕೊಟ್ಟಿತು. ರಕ್ಸ್ ಶರ್ಕಿಯ ಒಂಟಿ ನರ್ತಕಿಗೆ ಅದು ದಕ್ಕಲಿಲ್ಲ. ಕುಣಿಯಲು ಪರವಾನಗಿ ಬೇಕು, ಉಡುಪು ನಿಯಮದ ಪ್ರಕಾರ ಇರಬೇಕು. ಬರಿಹೊಟ್ಟೆ ಕಾಣಬಾರದೆಂಬ ನಿಯಮಕ್ಕೆ ತೆಳು ಜಾಲರಿ ಬಟ್ಟೆ ತೊಡುವ ರೂಢಿ ಬಂತು.

ಮದುವೆಯ ಮೆರವಣಿಗೆಗೆ ನರ್ತಕಿ ಇದ್ದರೆ ಕಳೆ. ಆದರೆ ತನ್ನ ಮಗಳು ನರ್ತಕಿಯಾಗಲಿ ಎನ್ನುವ ಮನೆ ಅಪರೂಪ. ಹೀಗಾಗಿ ವಿಚಿತ್ರ ಸನ್ನಿವೇಶವೊಂದು ಉಂಟಾಗಿದೆ. ರಷ್ಯ, ಜಪಾನ್, ಬ್ರೆಜಿಲ್‌ಗಳಿಂದ ಹೆಂಗಸರು ಕೈರೋಗೆ ಬಂದು, ಹಣ ತೆತ್ತು, ಸೊಂಟಕ್ಕೆ ವಸ್ತ್ರ ಬಿಗಿದು, ಮೊಣಕಾಲು ಸಡಿಲಿಸುವುದರಿಂದ ಆರಂಭಿಸಿ ಈ ವಿದ್ಯೆ ಕಲಿಯುತ್ತಾರೆ. ಕೆಲವರು ಅಲ್ಲೇ ವೇದಿಕೆಯನ್ನೂ ಏರುತ್ತಾರೆ.

ಕೈರೋದ ಹುಡುಗಿಗೆ ಇಂಥ ತರಗತಿ ಬೇಕಿಲ್ಲ. ತಾಯಿ, ಚಿಕ್ಕಮ್ಮ, ಅಜ್ಜಿಯರು ಚಪ್ಪಾಳೆ ತಟ್ಟುವಾಗ ನಡುವೆ ನಿಂತು, ನೋಡಿ ನೋಡಿಯೇ ಕಲಿತಿರುತ್ತಾಳೆ. ದುಂ ಎಲ್ಲಿ ಬರುತ್ತದೆ ಎಂದು ಅವಳಿಗೆ ಯಾರೂ ಎಣಿಸಿ ಹೇಳಿಕೊಟ್ಟಿಲ್ಲ. ಅಕ್ಕನ ಮದುವೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿದು ಮೆಚ್ಚುಗೆ ಗಳಿಸುತ್ತಾಳೆ. ಮದುವೆ ಮುಗಿದ ಮೇಲೆ ಸೊಂಟದ ವಸ್ತ್ರವನ್ನು ಬಿಚ್ಚಿ ಮಡಿಸಿಡುತ್ತಾಳೆ.